ಪಗ್‌ಗಳ ಮಿದುಳಿನ ಉರಿಯೂತ: ನಮ್ಮ ಚಿನ್ನಿ ಹೋದಳು, ಅವಳ ಜೊತೆ ಹುಟ್ಟಿದವನಿಗೆ ಜೀನ್ ಟೆಸ್ಟ್ ಮಾಡಿಸಬೇಕಾ?

ಚಿನ್ನಿ_ಅಮ್ಮ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಚಿನ್ನಿ ಹೋಗಿ ಇವತ್ತಿಗೆ 26 ದಿನ. 19 ತಿಂಗಳ ಪಗ್, ತಿಳಿ ಕಂದು ಮೈ, ಕಪ್ಪು ಮುಖ.

ಮೊದಲು ಕಂಡಿದ್ದು ತುಂಬಾ ಸಣ್ಣ ವಿಷಯ. ರಾತ್ರಿ ಮೊಸರನ್ನ ಹಾಕಿದರೆ ಬಟ್ಟಲಿನ ಬಲಗಡೆಯ ಅರ್ಧ ಮಾತ್ರ ತಿಂದು ಎದ್ದು ಹೋಗುತ್ತಿದ್ದಳು. ಎಡಗಡೆಯ ಅರ್ಧ ಗೆರೆ ಎಳೆದ ಹಾಗೆ ಉಳಿದಿರುತ್ತಿತ್ತು. ಹೊಟ್ಟೆ ತುಂಬಿದೆ ಅಂದುಕೊಂಡೆ. ಒಂದು ದಿನ ನೆಲ ಒರೆಸುವಾಗ ಬಟ್ಟಲು ತಿರುಗಿತು. ಚಿನ್ನಿ ವಾಪಸ್ ಬಂದು ಉಳಿದಿದ್ದನ್ನೂ ತಿಂದಳು. ನನಗೆ ಆಗ ಏನೂ ಹೊಳೆಯಲಿಲ್ಲ. ಆಮೇಲೆ ಊಟದ ಟೇಬಲ್ ಸುತ್ತ ಬಲಕ್ಕೆ ಬಲಕ್ಕೆ ಸುತ್ತೋಕೆ ಶುರು ಮಾಡಿದಳು. ಅಡುಗೆಮನೆ ಬಾಗಿಲ ಹಿಂದೆ ಗೋಡೆಗೆ ಹಣೆ ಒತ್ತಿಕೊಂಡು ನಿಲ್ಲೋಳು. ಎಂಟನೇ ದಿನ ಫಿಟ್ಸ್ ಬಂತು.

ಮೊದಲು ಕಿವಿ ಇನ್‌ಫೆಕ್ಷನ್ ಅಂದರು, ಆಮೇಲೆ ಟಿಕ್ ಫೀವರ್ ಅಂದರು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂಆರ್‌ಐ ಮಾಡಿಸಿದೆವು, ಬೆನ್ನುಹುರಿಯ ನೀರು ತೆಗೆಸಿದೆವು. ಸ್ಟೀರಾಯ್ಡ್, ಸೈಟರಬಿನ್ ಇಂಜೆಕ್ಷನ್, ಫಿಟ್ಸ್ ಮಾತ್ರೆ. ಆರು ವಾರ ಚೆನ್ನಾಗಿದ್ದಳು. ಬಾಗಿಲಿಗೆ ಬಂದು ಬಾಲ ಅಲ್ಲಾಡಿಸುತ್ತಿದ್ದಳು. ಆಮೇಲೆ ಒಂದೇ ರಾತ್ರಿಯಲ್ಲಿ ಏಳು ಸಲ ಫಿಟ್ಸ್. ಬೆಳಗಾಗುವಷ್ಟರಲ್ಲಿ ಇರಲಿಲ್ಲ.

ಪೋಸ್ಟ್‌ಮಾರ್ಟಂ ಮಾಡಿಸಿದೆವು. ನನ್ನ ಗಂಡ ಬೇಡ ಅಂದರು, ನಾನೇ ಹಟ ಮಾಡಿದೆ. ರಿಪೋರ್ಟ್‌ನಲ್ಲಿ ‘ನೆಕ್ರೊಟೈಸಿಂಗ್ ಮೆನಿಂಗೋಎನ್ಸೆಫಲೈಟಿಸ್’ ಅಂತ ಬರೆದಿದ್ದಾರೆ, ಅಂದರೆ ಉರಿಯೂತದಿಂದ ಮಿದುಳೂ ಅದರ ಹೊದಿಕೆಯೂ ಸತ್ತು ಕರಗುವ ರೋಗ. ಇದು ಪಗ್‌ಗಳಲ್ಲಿ ರಕ್ತದಲ್ಲೇ ಬರೋದು, ಒಂದು ಜೀನ್ ಟೆಸ್ಟ್ ಇದೆ ಅಂತ ಡಾಕ್ಟರ್ ಹೇಳಿದರು.

ಎರಡು ಪ್ರಶ್ನೆ. ಒಂದು, ನಾನು ಏನಾದರೂ ತಪ್ಪು ಮಾಡಿದೆನಾ? ಶಾಂಪೂ, ವ್ಯಾಕ್ಸಿನ್, ಹುಳದ ಮಾತ್ರೆ, ಇವುಗಳಲ್ಲಿ ಯಾವುದಾದರೂ? ಎರಡು, ಅವಳ ಜೊತೆ ಒಂದೇ ಸೂಲಿನಲ್ಲಿ ಹುಟ್ಟಿದ ಗುಂಡ ಹಾಸನದಲ್ಲಿದ್ದಾನೆ. ಅವನಿಗೆ ಟೆಸ್ಟ್ ಮಾಡಿಸಬೇಕಾ?

ಪಶುವೈದ್ಯ_ಧಾರವಾಡ

ಅಕ್ಕಾ, ಮೊದಲನೇ ಪ್ರಶ್ನೆಗೆ ಮೊದಲು ಉತ್ತರ ಹೇಳತೀನಿ. ನೀವು ಏನೂ ತಪ್ಪು ಮಾಡಿಲ್ಲ. ಶಾಂಪೂನಿಂದ ಬರೋ ರೋಗ ಅಲ್ಲ ಇದು. ವ್ಯಾಕ್ಸಿನ್‌ನಿಂದ ಬಂತು ಅನ್ನೋದಕ್ಕೂ ಆಧಾರ ಇಲ್ಲ.

ನಿಮ್ಮ ಬಟ್ಟಲಿನ ಮಾತು ಓದಿ ಕೈ ನಿಂತಿತು. ಈ ರೋಗದಲ್ಲಿ ಕಾಣೋ ಒಂದು ಗುರುತು ಅದು. ಮುಂಮಿದುಳಿನ ಬಲಭಾಗ ಕೆಟ್ಟರೆ ನಾಯಿಗೆ ಎಡಗಡೆಯ ಲೋಕ ಇದೆ ಅನ್ನೋದೇ ಮರೆತು ಹೋಗುತ್ತದೆ. ಕಣ್ಣು ಸರಿ ಇರುತ್ತದೆ, ಆದರೆ ಎಡಗಡೆಯ ಅನ್ನ ಅದರ ಪಾಲಿಗೆ ಇಲ್ಲ. ಸುತ್ತೋದು ಮಾತ್ರ ಕೆಟ್ಟ ಬದಿಯ ಕಡೆಗೇ, ಅಂದರೆ ಬಲಕ್ಕೆ. ನೀವು ಬರೆದದ್ದು ಎರಡೂ ಒಂದಕ್ಕೊಂದು ಹೊಂದುತ್ತವೆ. ಮನೆಯಲ್ಲಿ ಅಷ್ಟು ಗಮನ ಇಟ್ಟು ನೋಡೋರು ಕಡಿಮೆ.

ಈ ರೋಗವನ್ನು ಪಗ್‌ಗಳಲ್ಲಿ ಗುರುತಿಸಿ ಸರಿಯಾಗಿ ವಿವರಿಸಿದ ಪ್ರಬಂಧ ಬಂದದ್ದು 1989ರಲ್ಲಿ, ಅಮೆರಿಕದಲ್ಲಿ. ಅದಕ್ಕೆ ‘ಪಗ್ ಡಾಗ್ ಎನ್ಸೆಫಲೈಟಿಸ್’ ಅಂತಲೇ ಹೆಸರು ಬಿತ್ತು. ಮುಂದೆ ಮಾಲ್ಟೀಸ್, ಚಿಹುವಾವಾದಂತಹ ಸಣ್ಣ ತಳಿಗಳಲ್ಲೂ ಸಿಕ್ಕಿತು. ಯಾರ್ಕ್‌ಶೈರ್ ಟೆರಿಯರ್‌ನಲ್ಲಿ ಇದರ ತಮ್ಮನಂತಹ ಇನ್ನೊಂದು ರೋಗ ಇದೆ. ಮಿದುಳಿನ ಒಳಗಿನ ಬಿಳಿ ಭಾಗ ಜಾಸ್ತಿ ಕೆಡುತ್ತದೆ ಅದರಲ್ಲಿ. 2008ರಲ್ಲಿ 60 ಪಗ್‌ಗಳ ದಾಖಲೆ ಸೇರಿಸಿ ನೋಡಿದವರಿದ್ದಾರೆ. ಲಕ್ಷಣ ಶುರುವಾಗೋ ವಯಸ್ಸು ಹೆಚ್ಚುಕಡಿಮೆ ಒಂದೂವರೆ ವರ್ಷ. ತಿಳಿ ಕಂದು ಬಣ್ಣದ ಎಳೆ ಹೆಣ್ಣು ನಾಯಿಗಳಲ್ಲಿ ಹೆಚ್ಚು. ನಿಮ್ಮ ಚಿನ್ನಿ ಪಕ್ಕಾ ಆ ಗುಂಪಿನವಳು.

ಒಂದು ಮಾತು ಉಳಿದವರಿಗೆ. ಅಕ್ಕ ಪೋಸ್ಟ್‌ಮಾರ್ಟಂ ಮಾಡಿಸಿದ್ದು ದೊಡ್ಡ ಉಪಕಾರ. ಜೀವ ಇರೋವಾಗ ಎಂಆರ್‌ಐ, ಬೆನ್ನುಹುರಿ ನೀರು ನೋಡಿ ‘ಇದೇ ಇರಬಹುದು’ ಅನ್ನಬಹುದು. ‘ಇದೇ’ ಅನ್ನೋಕೆ ಮಿದುಳಿನ ತುಣುಕನ್ನು ಮೈಕ್ರೊಸ್ಕೋಪಿನ ಕೆಳಗೆ ನೋಡಲೇಬೇಕು.

ಸುಮ್ನೆ_ಓದೋನು (ಬೆಂಗಳೂರು)

ಕ್ಷಮಿಸಿ ಮೇಡಂ, ನಿಮ್ಮ ದುಃಖ ಅರ್ಥ ಆಗುತ್ತದೆ. ಆದರೆ ಈ ಜೀನ್ ಟೆಸ್ಟ್ ಅಂದರೆ ನನಗೆ ನಂಬಿಕೆ ಬರೋದಿಲ್ಲ. ರೋಗ ಬರುತ್ತದೆ ಅಂತಲೂ ಹೇಳಲ್ಲ, ಬರಲ್ಲ ಅಂತಲೂ ಹೇಳಲ್ಲ. ಬಂದರೆ ತಡೆಯೋಕೆ ಔಷಧವೂ ಇಲ್ಲ. ಹಾಗಿದ್ದಮೇಲೆ ಗುಂಡನ ಮನೆಯವರಿಗೆ ಸುಮ್ನೆ ನಿದ್ದೆ ಕೆಡಿಸೋದು ಯಾಕೆ? ನಮ್ಮಜ್ಜಿ ಮನೆಯಲ್ಲಿ ಹತ್ತು ನಾಯಿ ಸಾಕಿದ್ದರು, ಒಂದಕ್ಕೂ ಟೆಸ್ಟ್ ಗಿಸ್ಟ್ ಇರಲಿಲ್ಲ.

ಮಲೆನಾಡಿಂದ_ಡೇವಿಸ್

ನಾನು ಶೃಂಗೇರಿ ಕಡೆಯವಳು, ಈಗ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿದ್ದೇನೆ. ಜೀನ್‌ಗಳ ಬಗ್ಗೆಯೇ ಓದಿದ್ದು. ಪಗ್‌ಗಳ ಈ ಟೆಸ್ಟ್ ಮಾಡುವ ವೆಟರ್ನರಿ ಜೆನೆಟಿಕ್ಸ್ ಲ್ಯಾಬ್ ಇದೇ ಊರಿನ ವಿಶ್ವವಿದ್ಯಾಲಯದ್ದು. ನಾನು ಅಲ್ಲಿ ಕೆಲಸ ಮಾಡುವವಳಲ್ಲ. ಆದರೆ ಎರಡು ಪಗ್ ಸಾಕಿದ್ದೇನೆ, ಎರಡಕ್ಕೂ ಮಾಡಿಸಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಾಯಿಗೆ 39 ಜೊತೆ ಕ್ರೋಮೋಸೋಮ್ ಇವೆ. 12ನೆಯದರಲ್ಲಿ ಡಿಎಲ್‌ಎ ಅನ್ನೋ ಜೀನ್‌ಗಳ ಗುಂಪಿದೆ. ಮನುಷ್ಯರಲ್ಲಿ ಕಿಡ್ನಿ ಹಾಕುವಾಗ ಮ್ಯಾಚ್ ಆಗುತ್ತಾ ಅಂತ ನೋಡುವ ಜೀನ್‌ಗಳಿಗೆ ಸಮನಾದದ್ದು ಇದು.

ಅದರ ಕೆಲಸ ಹೀಗೆ ಅಂದುಕೊಳ್ಳಿ. ಮಂಡಿಯಲ್ಲಿ ಅಕ್ಕಿ ವ್ಯಾಪಾರಿ ಮೂಟೆಗೆ ಕೊಕ್ಕೆ ಚುಚ್ಚಿ ನಾಲ್ಕು ಕಾಳು ತೆಗೆದು ಅಂಗೈಯಲ್ಲಿ ಹಿಡಿದು ತೋರಿಸುತ್ತಾರಲ್ವಾ. ಹಾಗೆ ಮೈಯ ಕೆಲವು ಜೀವಕೋಶಗಳು ತಮಗೆ ಸಿಕ್ಕಿದ ಪ್ರೋಟೀನಿನ ಚೂರುಗಳನ್ನು ಹೊರಗೆ ಹಿಡಿದು ತೋರಿಸುತ್ತವೆ. ರೋಗದಿಂದ ಮೈ ಕಾಯುವ ಟಿ ಕೋಶಗಳು ಬಂದು ನೋಡುತ್ತವೆ. ನಮ್ಮದೇ ಕಾಳಾದರೆ ಸುಮ್ಮನೆ ಹೋಗುತ್ತವೆ, ಹೊರಗಿನದಾದರೆ ಗಲಾಟೆ ಎಬ್ಬಿಸುತ್ತವೆ. ಆ ಅಂಗೈಯನ್ನು ಮಾಡುವುದು ಡಿಎಲ್‌ಎ ಜೀನ್. ಅಂಗೈಯ ಗುಳಿ ಒಂದೊಂದು ನಾಯಿಯಲ್ಲಿ ಒಂದೊಂದು ಆಕಾರ. ಕೆಲವು ಆಕಾರದ ಅಂಗೈಯಲ್ಲಿ ಮಿದುಳಿನದೇ ಕಾಳು ತಪ್ಪಾಗಿ ಅರ್ಥವಾಗುವ ಹಾಗೆ ಕೂರುತ್ತದೆ ಅನ್ನೋದು ಈಗಿನ ತಿಳಿವಳಿಕೆ. ಆಗ ರೋಗ ತಡೆಯಬೇಕಾದ ಕೋಶಗಳೇ ಮಿದುಳಿಗೆ ಬೆಂಕಿ ಹಚ್ಚುತ್ತವೆ. ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಕೆಡುವ ಮನುಷ್ಯರ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲೂ ಇದೇ ಗುಂಪಿನ ಜೀನ್‌ಗಳ ಕೈವಾಡ ಇದೆ. ಅದಕ್ಕೇ ಪಗ್‌ಗಳ ರೋಗದ ಮೇಲೆ ಮನುಷ್ಯರ ಡಾಕ್ಟರುಗಳಿಗೂ ಕಣ್ಣು.

ಟೆಸ್ಟ್‌ನಲ್ಲಿ ಮೂರು ಉತ್ತರ ಬರಬಹುದು. ಎನ್/ಎನ್ ಅಂದರೆ ಅಪಾಯದ ಜೀನ್‌ನ ಪ್ರತಿ ಇಲ್ಲ. ಎನ್/ಎಸ್ ಅಂದರೆ ತಂದೆಯಿಂದಲೋ ತಾಯಿಯಿಂದಲೋ ಒಂದು ಪ್ರತಿ ಬಂದಿದೆ. ಎಸ್/ಎಸ್ ಅಂದರೆ ಇಬ್ಬರಿಂದಲೂ ಬಂದಿದೆ. ಎನ್/ಎನ್ ಮತ್ತು ಎನ್/ಎಸ್ ಎರಡಕ್ಕೂ ಅಪಾಯ ಕಡಿಮೆ. ಎಸ್/ಎಸ್‌ಗೆ ಉಳಿದವುಗಳಿಗಿಂತ 12.75 ಪಟ್ಟು ಜಾಸ್ತಿ.

12.75 ಪಟ್ಟು ಅಂದ ಕೂಡಲೇ ಎದೆ ಧಸಕ್ ಅನ್ನುತ್ತದೆ. ಸುಮ್ನೆ_ಓದೋನು ಅವರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ, ಆದ್ದರಿಂದ ಕೂತು ಲೆಕ್ಕ ಹಾಕೋಣ. ಅಮೆರಿಕದಲ್ಲಿ ಈ ರೋಗದಿಂದ ಸಾಯುವ ಪಗ್‌ಗಳು ನೂರಕ್ಕೆ ಸುಮಾರು 1.2. ಎಸ್/ಎಸ್ ಇರುವ ಪಗ್‌ಗಳು ನೂರಕ್ಕೆ 11ರ ಹತ್ತಿರ, ಎನ್/ಎಸ್ ಇರುವವು 29ರ ಹತ್ತಿರ. ಈ ಅಂಕಿಗಳನ್ನು ಕೂಡಿಸಿ ಕಳೆದು ನಾನೇ ಹಾಕಿದ ಅಂದಾಜು ಇದು: ಎಸ್/ಎಸ್ ಪಗ್ ನೂರು ಇದ್ದರೆ ಆರೇಳಕ್ಕೆ ರೋಗ ಬರುತ್ತದೆ. 93ಕ್ಕೆ ಬರೋದೇ ಇಲ್ಲ. ಉಳಿದ ಪಗ್‌ಗಳಲ್ಲಿ ಇನ್ನೂರಕ್ಕೆ ಒಂದು.

ಅಂದರೆ ಒಂದು ನಾಯಿಯ ಭವಿಷ್ಯ ಹೇಳೋಕೆ ಈ ಟೆಸ್ಟ್ ಸಾಲದು. ಅದು ನಿಜ. ಆದರೆ ಯಾವ ಎರಡು ನಾಯಿಗಳನ್ನು ಜೋಡಿ ಮಾಡಬಾರದು ಅಂತ ಹೇಳೋಕೆ ಧಾರಾಳ ಸಾಕು. ಟೆಸ್ಟ್‌ನ ಬೆಲೆ ಇರೋದು ಅಲ್ಲಿ. ಅಜ್ಜಿಯ ಮನೆಯ ಹತ್ತು ನಾಯಿಗಳು ಊರಲ್ಲಿ ತಾವೇ ಜೋಡಿ ಹುಡುಕಿಕೊಂಡವು, ಹತ್ತೂ ಕಡೆಯ ರಕ್ತ ಬೆರೆತಿತ್ತು. ಪಗ್‌ನ ಜೋಡಿ ಹುಡುಕುವವರು ಮನುಷ್ಯರು.

ಬಸವನಗುಡಿ_ಬೀಗಲ್

ಮಧ್ಯದಲ್ಲಿ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಮ್ಮ ಬೀಗಲ್‌ಗೆ ಹತ್ತು ತಿಂಗಳು. ಹೋದ ತಿಂಗಳು ಜ್ವರ, ಕುತ್ತಿಗೆ ಎತ್ತೋಕೇ ಆಗ್ತಿರಲಿಲ್ಲ, ಮುಟ್ಟಿದರೆ ಕಿರುಚುತ್ತಿದ್ದ. ‘ಮೆನಿಂಜೈಟಿಸ್’ ಅಂದರು. ಸ್ಟೀರಾಯ್ಡ್ ಕೊಟ್ಟ ಎರಡೇ ದಿನಕ್ಕೆ ಓಡಾಡಿದ. ಇದೂ ಚಿನ್ನಿಗೆ ಬಂದ ರೋಗಾನಾ? ನಮಗೂ ಆ ಟೆಸ್ಟ್ ಬೇಕಾ?

ಪಶುವೈದ್ಯ_ಧಾರವಾಡ

ಇಲ್ಲ ಸರ್, ಅದು ಬೇರೆ. ನಿಮ್ಮದು ಮಿದುಳಿನ ಹೊದಿಕೆ ಮತ್ತು ಅಲ್ಲಿನ ರಕ್ತನಾಳಗಳ ಉರಿಯೂತ. ಬೀಗಲ್, ಬಾಕ್ಸರ್, ಬರ್ನೀಸ್ ಮೌಂಟನ್ ಡಾಗ್‌ಗಳ ಎಳೆ ವಯಸ್ಸಿನಲ್ಲಿ ಕಾಣೋದು ಜಾಸ್ತಿ. ಮಿದುಳು ತಾನೇ ಕರಗೋದಿಲ್ಲ ಇದರಲ್ಲಿ. ಹೆಚ್ಚಿನ ನಾಯಿಗಳು ಚೆನ್ನಾಗಿ ಆಗತಾವೆ. ತಳಿಗೆ ಸೇರಿ ಬರೋದರಿಂದ ಇದರಲ್ಲೂ ಜೀನ್ ಪಾಲಿದೆ. ಆದರೆ ಪಗ್‌ಗಳ ಟೆಸ್ಟ್ ಪಗ್‌ಗಳಿಗೇ. ಬೀಗಲ್‌ಗೆ ಮಾಡಿಸಿ ದುಡ್ಡು ಕಳಕೋಬೇಡಿ.

ಎರಡೇ ದಿನಕ್ಕೆ ಓಡಾಡಿದ ಅಂತ ಸ್ಟೀರಾಯ್ಡ್ ನಿಲ್ಲಿಸಬೇಡಿ, ಅದೇ ದೊಡ್ಡ ತಪ್ಪು. ತಿಂಗಳುಗಟ್ಟಲೆ ಕೊಟ್ಟು, ನಿಧಾನ ಇಳಿಸಬೇಕು. ನೀರು ಜಾಸ್ತಿ ಕುಡಿತಾನೆ, ಮನೆಯೊಳಗೇ ಒಂದೆರಡು ಸಲ ಮಾಡಿಕೊಳ್ಳತಾನೆ. ಬೈಯಬೇಡಿ.

ಬೀದಿ_ಗೆಳತಿ (ಹುಬ್ಬಳ್ಳಿ)

ಡಾಕ್ಟ್ರೇ, ನಮ್ಮ ಓಣಿಯ ಒಂದು ಮರಿಗೂ ಫಿಟ್ಸ್ ಬರ್ತಿದೆ. ನಾಲ್ಕು ತಿಂಗಳಿರಬಹುದು. ಕಣ್ಣು ಮೂಗಲ್ಲಿ ಗೀಜು, ಬಾಯಿ ಚೂಯಿಂಗ್ ಗಮ್ ಅಗಿದ ಹಾಗೆ ಆಡಿಸುತ್ತದೆ, ಒಂದು ಕಾಲು ಸದಾ ಅದುರುತ್ತದೆ. ಅದಕ್ಕೂ ಜೀನ್ ಕಾರಣವಾ?

ಪಶುವೈದ್ಯ_ಧಾರವಾಡ

ತಂಗೀ, ನೀವು ಹೇಳಿದ ಲಕ್ಷಣಕ್ಕೆ ಮೊದಲ ಅನುಮಾನ ಡಿಸ್ಟೆಂಪರ್. ಅದು ವೈರಸ್. ಬೇರೆ ಮರಿಗಳಿಂದ ದೂರ ಇಡಿ, ಇವತ್ತೇ ಆಸ್ಪತ್ರೆಗೆ ಒಯ್ಯಿರಿ. ಇನ್ನೊಂದು, ಬಹಳ ಮುಖ್ಯ: ರೇಬೀಸ್ ಲಸಿಕೆ ಆಗದ ನಾಯಿ. ಬಾಯಿಗೆ ಕೈ ಹಾಕಬೇಡಿ. ಅದರ ಜೊಲ್ಲು ನಿಮ್ಮ ಗಾಯಕ್ಕೆ ತಾಗಿದ್ದರೆ ಅಥವಾ ಕಚ್ಚಿದ್ದರೆ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು, ನೀವೂ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತಗೊಳ್ಳಿ. ಕಾಯಬೇಡಿ.

ಇದು ಪಗ್ ಸಾಕಿದವರಿಗೂ ಹೇಳೋ ಮಾತು. ನಮ್ಮ ಕಡೆ ನಾಯಿಗೆ ಫಿಟ್ಸ್ ಬಂತು ಅಂದರೆ ಮೊದಲು ಡಿಸ್ಟೆಂಪರ್, ಟಿಕ್ ಫೀವರ್, ವಿಷ, ಸಕ್ಕರೆ ಅಂಶ ಇಳಿದಿರೋದು, ಲಿವರ್ ತೊಂದರೆ ಇವನ್ನೆಲ್ಲ ನೋಡಬೇಕು. ಚಿನ್ನಿಯ ಡಾಕ್ಟರುಗಳು ಟಿಕ್ ಫೀವರ್ ನೋಡಿದ್ದು ತಪ್ಪಲ್ಲ. ಬೆನ್ನುಹುರಿ ನೀರು ತೆಗೆಯೋ ಮೊದಲೇ ಸ್ಟೀರಾಯ್ಡ್ ಕೊಟ್ಟುಬಿಟ್ಟರೆ ಉರಿಯೂತದ ಗುರುತು ಅಳಿಸಿ ಹೋಗಬಹುದು, ಅದಕ್ಕೇ ಕ್ರಮ ಮುಖ್ಯ.

ಕೆನೆಲ್_ತುಮಕೂರು

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ನನ್ನ ಹತ್ತಿರ ಎರಡು ಹೆಣ್ಣು ಪಗ್, ಒಂದು ಗಂಡು ಇವೆ. ವರ್ಷಕ್ಕೆ ಒಂದು ಸೂಲು, ಅಷ್ಟೇ. 2003ರಲ್ಲಿ ಹಚ್ ಮೊಬೈಲ್ ಜಾಹೀರಾತು ಬಂದಾಗ ನಾನು ಕಾಲೇಜಿನಲ್ಲಿದ್ದೆ. ಹುಡುಗನ ಹಿಂದೆ ಹಿಂದೆ ಓಡುವ ಆ ಪಗ್ ನೋಡಿಯೇ ಈ ಹುಚ್ಚು ಹಿಡಿದದ್ದು. ನನಗೊಬ್ಬನಿಗೇ ಅಲ್ಲ, ದೇಶಕ್ಕೇ ಹಿಡಿಯಿತು. ಎಲ್ಲರಿಗೂ ಮರಿ ಬೇಕು, ಆದರೆ ಒಳ್ಳೆ ಗಂಡು ನಾಯಿಗಳು ಬೆರಳೆಣಿಕೆಯಷ್ಟು. ಒಂದೇ ಗಂಡಿಗೆ ಊರೂರಿನ ಹೆಣ್ಣುಗಳನ್ನು ತರುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ನಿನ್ನೆ ರಾತ್ರಿ ನನ್ನ ಮೂರೂ ನಾಯಿಗಳ ವಂಶಾವಳಿಯ ಪೇಪರ್ಸ್ ತೆಗೆದು ನೆಲದ ಮೇಲೆ ಹರಡಿಕೊಂಡು ಕೂತೆ. ಗಂಡಿನ ಪೇಪರ್‌ನಲ್ಲಿ ನಾಲ್ಕು ತಲೆಮಾರಿನೊಳಗೆ ಒಂದೇ ಹೆಸರು ಮೂರು ಸಲ ಇದೆ. ದೊಡ್ಡ ಹೆಣ್ಣಿನ ಪೇಪರ್‌ನಲ್ಲೂ ಅದೇ ಹೆಸರು ಒಂದು ಸಲ. ಪೆನ್ಸಿಲಿನಲ್ಲಿ ಸುತ್ತು ಹಾಕಿದೆ. ಇದನ್ನು ಹೋದ ವರ್ಷ ಜೋಡಿ ಮಾಡುವ ಮೊದಲು ನೋಡಬೇಕಿತ್ತು. ಆ ಸೂಲಿನ ನಾಲ್ಕು ಮರಿ ನಾಲ್ಕು ಮನೆಯಲ್ಲಿವೆ. ಎಲ್ಲವೂ ಇಲ್ಲಿಯವರೆಗೆ ಚೆನ್ನಾಗಿವೆ.

ಮೇಡಂ, ನನಗೆ ನೇರವಾಗಿ ಹೇಳಿ. ಟೆಸ್ಟ್ ಮಾಡಿಸಿ ಎಸ್ ಬಂದ ನಾಯಿಗಳನ್ನೆಲ್ಲ ಬ್ರೀಡಿಂಗ್‌ನಿಂದ ತೆಗೆದುಬಿಡಬೇಕಾ?

ಮಲೆನಾಡಿಂದ_ಡೇವಿಸ್

ಅಣ್ಣ, ನೀವು ಪೇಪರ್ಸ್ ಹರಡಿಕೊಂಡು ಕೂತಿರಿ ಅನ್ನೋದೇ ಅರ್ಧ ಕೆಲಸ ಆದ ಹಾಗೆ. ಇಂಥ ಬ್ರೀಡರ್‌ಗಳು ಇದ್ದರೆ ಈ ತಳಿ ಉಳಿಯುತ್ತದೆ.

ಎಲ್ಲವನ್ನೂ ತೆಗೆಯಬೇಡಿ. ದಯವಿಟ್ಟು ಬೇಡ. ಯಾಕೆ ಅಂತ ಹೇಳುತ್ತೇನೆ. 2008ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಬ್ರಿಟನ್ನಿನ ನಾಯಿಗಳ ವಂಶಾವಳಿ ತೆಗೆದು ಲೆಕ್ಕ ಹಾಕಿದರು. ಅಲ್ಲಿ ಪಗ್‌ಗಳು 10,000ದಷ್ಟು ಇದ್ದರೂ, ಅವುಗಳ ಜೀನ್‌ಗಳ ವೈವಿಧ್ಯ ಬರೀ 50 ನಾಯಿಗಳಲ್ಲಿ ಇರುವಷ್ಟು ಅಂತ ಗೊತ್ತಾಯಿತು. ಕೆರೆ ಆಗಲೇ ಬತ್ತಿದೆ. ಅದರಲ್ಲಿ ಎಸ್ ಇರುವ ನೂರಕ್ಕೆ 40 ನಾಯಿಗಳನ್ನು ಒಂದೇ ಏಟಿಗೆ ಹೊರಗೆ ಹಾಕಿದರೆ ಉಳಿದವು ಇನ್ನೂ ಹತ್ತಿರದ ನೆಂಟರಾಗುತ್ತವೆ. ಇವತ್ತು ಯಾರ ಕಣ್ಣಿಗೂ ಬೀಳದ ಇನ್ನೊಂದು ಕೆಟ್ಟ ಜೀನ್ ನಾಳೆ ಜೊತೆಯಾಗಿ ಕೂರುತ್ತದೆ. ಮಿದುಳಿನ ಒಂದು ರೋಗ ಕಳೆದು ಇನ್ನೊಂದನ್ನು ಮನೆಗೆ ಕರೆದ ಹಾಗಾಗುತ್ತದೆ.

ಮಾಡಬೇಕಾದ್ದು ಇಷ್ಟು. ಎನ್/ಎಸ್ ನಾಯಿಗೆ ಎನ್/ಎನ್ ಜೋಡಿ ಮಾಡಿ. ಮರಿಗಳಲ್ಲಿ ಸರಾಸರಿ ಅರ್ಧ ಎನ್/ಎನ್, ಅರ್ಧ ಎನ್/ಎಸ್. ಎಸ್/ಎಸ್ ಒಂದೂ ಹುಟ್ಟುವುದಿಲ್ಲ. ಎನ್/ಎಸ್‌ಗೆ ಎನ್/ಎಸ್ ಮಾಡಿದರೆ ನಾಲ್ಕಕ್ಕೆ ಒಂದರಂತೆ ಎಸ್/ಎಸ್ ಹುಟ್ಟಬಹುದು. ಅದನ್ನು ಮಾಡಬೇಡಿ. ಎಸ್/ಎಸ್ ನಾಯಿ ಬೇರೆಲ್ಲದರಲ್ಲೂ ತುಂಬಾ ಒಳ್ಳೆಯದಾಗಿದ್ದರೂ ಎನ್/ಎನ್ ಬಿಟ್ಟು ಬೇರೆ ಜೋಡಿ ಬೇಡ. ಹೀಗೆ ಎರಡು ಮೂರು ತಲೆಮಾರು ನಡೆಸಿದರೆ ಉಳಿದ ಒಳ್ಳೆಯ ಗುಣ ಕಳೆಯದೆ ಎಸ್ ತಾನಾಗೇ ಇಳಿಯುತ್ತದೆ.

ಇನ್ನೊಂದು ವಿಷಯ. ಡಿಎಲ್‌ಎ ಒಂದೇ ಕಾರಣ ಅಲ್ಲ. 2014ರಲ್ಲಿ ಅರಿಜೋನಾದ ಟಿಜೆನ್ ಅನ್ನೋ ಜೀನ್ ಸಂಶೋಧನಾ ಸಂಸ್ಥೆಯವರು ಮಾಲ್ಟೀಸ್ ನಾಯಿಗಳನ್ನು ನೋಡಿದಾಗ 4 ಮತ್ತು 15ನೇ ಕ್ರೋಮೋಸೋಮ್‌ನಲ್ಲಿ ಈ ರೋಗಕ್ಕೆ ನಂಟಿರುವ ಹೊಸ ಜಾಗಗಳು ಸಿಕ್ಕವು. 4ರಲ್ಲಿ ಸಿಕ್ಕಿದ್ದರ ಹತ್ತಿರ ಇರುವ ಜೀನ್ ‘ಐಎಲ್7ಆರ್’. ಮನುಷ್ಯರ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲೂ ಇದರ ಹೆಸರಿದೆ. ಓದಿದಾಗ ಮೈ ಜುಮ್ ಅಂದಿತು ನನಗೆ. ಮಡಿಲಲ್ಲಿ ಮಲಗುವ ನಾಯಿಯೂ ಮನುಷ್ಯರೂ ಒಂದೇ ಕಡೆ ಎಡವುತ್ತಿದ್ದೇವೆ. ಎನ್/ಎನ್ ಪಗ್‌ಗೂ ಅಪರೂಪಕ್ಕೆ ಈ ರೋಗ ಬರೋದು, ಎಸ್/ಎಸ್‌ನಲ್ಲೂ ಹೆಚ್ಚಿನವುಗಳಿಗೆ ಬಾರದಿರೋದು ಇದಕ್ಕೇ. ಹಲವು ಜೀನ್ ಸೇರಬೇಕು, ಅದರ ಮೇಲೆ ಯಾವುದೋ ಒಂದು ಕಿಡಿ ಬೀಳಬೇಕು.

ಸುಮ್ನೆ_ಓದೋನು (ಬೆಂಗಳೂರು)

ಸರಿ ಮೇಡಂ, ಜೋಡಿ ಮಾಡುವವರಿಗೆ ಟೆಸ್ಟ್ ಬೇಕು ಅನ್ನೋದು ಒಪ್ಪಿದೆ. ತುಮಕೂರಿನವರು ಬರೆದದ್ದು ಓದಿ ಮನಸ್ಸು ಬದಲಾಯಿತು. ಆದರೆ ಗುಂಡನ ಮನೆಯವರು ಬ್ರೀಡರ್ ಅಲ್ಲವಲ್ಲ. ಅವರಿಗೆ ಏನು ಉಪಯೋಗ?

ಗುಂಡನ_ಮನೆ (ಹಾಸನ)

ನಾನೇ ಹೇಳುತ್ತೇನೆ. ಚಿನ್ನಿ ಅಮ್ಮ ನಮಗೆ ಫೋನ್ ಮಾಡಿ ಅತ್ತಾಗಿನಿಂದ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಗುಂಡ ರಾತ್ರಿ ಗೊರಕೆ ನಿಲ್ಲಿಸಿದರೆ ಎದ್ದು ಲೈಟ್ ಹಾಕುತ್ತೇವೆ. ನಿದ್ದೆ ಆಗಲೇ ಕೆಟ್ಟಿದೆ ಸರ್. ಗೊತ್ತಾದರೆ ಏನು ನೋಡಬೇಕು, ಏನು ಬೇಡ ಅಂತಾದರೂ ತಿಳಿಯುತ್ತದೆ. ಪಕ್ಕದ ರಸ್ತೆಯವರು ತಮ್ಮ ಹೆಣ್ಣು ಪಗ್‌ಗೆ ಗುಂಡನನ್ನು ಕೇಳಿದ್ದಾರೆ, ಹೂಂ ಅಂದಿದ್ದೆವು. ಅದಕ್ಕೂ ಬೇಕಲ್ವಾ.

ಬ್ರೀಡರ್‌ಗೆ ಮೂರು ಸಲ ಮೆಸೇಜ್ ಹಾಕಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಆ ಸೂಲಿನಲ್ಲಿ ಇನ್ನೂ ಮೂರು ಮರಿ ಇದ್ದವು. ಅವು ಎಲ್ಲಿವೆ ಅಂತ ನಮಗೆ ಗೊತ್ತಿಲ್ಲ.

ಸ್ಯಾಂಪಲ್ ತೆಗೆಯೋದು ಹೇಗೆ? ರಕ್ತ ಬೇಕಾ?

ಮಲೆನಾಡಿಂದ_ಡೇವಿಸ್

ರಕ್ತ ಬೇಡ. ಕೆನ್ನೆಯ ಒಳಗೆ ಒಂದು ಪುಟ್ಟ ಬ್ರಷ್‌ನಿಂದ ಉಜ್ಜಿದರೆ ಸಾಕು. ಊಟ ಆದ ಕೂಡಲೇ ಮಾಡಬೇಡಿ. ಬೇರೆ ನಾಯಿಯ ಬಟ್ಟಲಲ್ಲಿ ಬಾಯಿ ಹಾಕಿದ್ದರೆ ಆಗಲೂ ಬೇಡ. ಒಬ್ಬರು ಗುಂಡನನ್ನು ತೊಡೆ ಮೇಲೆ ಕೂರಿಸಿಕೊಳ್ಳಿ, ಇನ್ನೊಬ್ಬರು ತುಟಿ ಸ್ವಲ್ಪ ಎತ್ತಿ, ದವಡೆಗೂ ಕೆನ್ನೆಗೂ ನಡುವೆ ಬ್ರಷ್ ಇಟ್ಟು ತಿರುಗಿಸುತ್ತಾ ಉಜ್ಜಿ. ಜೊಲ್ಲು ಬಂದರೆ ಸಾಲದು, ಕೆನ್ನೆಯ ಕೋಶಗಳು ಬರಬೇಕು. ಆಮೇಲೆ ಗಾಳಿಗೆ ಒಣಗಲು ಬಿಡಿ. ಒದ್ದೆ ಇರುವಾಗಲೇ ಪ್ಲಾಸ್ಟಿಕ್‌ನಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಬೇರೆ ದೇಶದಿಂದ ಕಳಿಸಲು ಯಾವ ಪತ್ರ ಬೇಕು ಅಂತ ಲ್ಯಾಬಿಗೆ ಮೊದಲೇ ಮೇಲ್ ಹಾಕಿ ಕೇಳಿ.

ಬಂದ ಉತ್ತರ ಏನೇ ಇರಲಿ, ಪಕ್ಕದ ರಸ್ತೆಯ ಹೆಣ್ಣಿಗೆ ಈಗ ಗುಂಡ ಬೇಡ ಅಂದುಬಿಡಿ.

ಕೆನೆಲ್_ತುಮಕೂರು

ನಾನೂ ಮೂರರದ್ದೂ ಕಳಿಸುತ್ತಿದ್ದೇನೆ. ಹೋದ ವರ್ಷದ ನಾಲ್ಕು ಮನೆಗೂ ಫೋನ್ ಮಾಡಿ ವಿಷಯ ಹೇಳಿದೆ. ಒಬ್ಬರು ಕೂಗಾಡಿದರು. ಮೂವರು ಥ್ಯಾಂಕ್ಸ್ ಹೇಳಿದರು. ಕೂಗಾಡಿದವರೂ ಸಂಜೆ ವಾಪಸ್ ಫೋನ್ ಮಾಡಿ ಏನೇನು ಗಮನಿಸಬೇಕು ಅಂತ ಕೇಳಿದರು.

ಚಿನ್ನಿ_ಅಮ್ಮ (ಮೈಸೂರು)

ಕಾಯುವಷ್ಟು ದಿನ ಗುಂಡನ ಮನೆಯವರಿಗೆ ಉಪಯೋಗ ಆಗಲಿ ಅಂತ ನಾನು ಕಲಿತದ್ದು ಬರೆಯುತ್ತೇನೆ.

ಫಿಟ್ಸ್ ಬಂದರೆ ಗಡಿಯಾರ ನೋಡಿ. ನಮಗೆ ಮೊದಲ ಸಲ ಅರ್ಧ ಗಂಟೆ ಅನ್ನಿಸಿತು, ಆಮೇಲೆ ವಿಡಿಯೋ ನೋಡಿದರೆ 70 ಸೆಕೆಂಡ್. ಐದು ನಿಮಿಷ ದಾಟಿದರೆ ಅಥವಾ ಒಂದರ ಹಿಂದೆ ಒಂದು ಬಂದರೆ ತಕ್ಷಣ ಆಸ್ಪತ್ರೆ. ಕಬ್ಬಿಣ ಹಿಡಿಸೋದು, ಈರುಳ್ಳಿ ಮೂಸಿಸೋದು ಏನೂ ಮಾಡಬೇಡಿ. ಬಾಯಿಗೆ ಕೈ ಬೇಡ. ಸುತ್ತ ಇರುವ ಕುರ್ಚಿ ಸರಿಸಿ, ಫ್ಯಾನ್ ಹಾಕಿ, ಒಬ್ಬರು ವಿಡಿಯೋ ಮಾಡಿ. ಆ ವಿಡಿಯೋ ಡಾಕ್ಟರಿಗೆ ನಮ್ಮ ಹತ್ತು ಮಾತಿಗಿಂತ ಜಾಸ್ತಿ ಹೇಳಿತು.

ಸೈಟರಬಿನ್ ಕೊಟ್ಟ ದಿನಗಳಲ್ಲಿ ನಾಯಿಯ ಮೂತ್ರ ಒರೆಸುವಾಗ ಗ್ಲೌಸ್ ಹಾಕಿಕೊಳ್ಳಿ. ಅದು ಕ್ಯಾನ್ಸರ್ ಔಷಧ. ನಮಗೆ ಮೊದಲ ವಾರ ಗೊತ್ತಿರಲಿಲ್ಲ, ಬರಿಗೈಯಲ್ಲಿ ಒರೆಸಿದೆ.

ಈ ರೋಗ ನಿಮ್ಮ ಮನೆಗೆ ಬರದಿರಲಿ ಅಂತ ದಿನಾ ಬೇಡಿಕೊಳ್ಳುತ್ತೇನೆ.

ಗುಂಡನ_ಮನೆ (ಹಾಸನ), ಕೆಲವು ವಾರಗಳ ನಂತರ

ರಿಪೋರ್ಟ್ ಬಂತು. ಎಸ್/ಎಸ್.

ಬೆಳಿಗ್ಗೆ ಮೇಲ್ ನೋಡಿ ಸ್ವಲ್ಪ ಹೊತ್ತು ಕೈಕಾಲು ಆಡಲಿಲ್ಲ. ಗುಂಡ ಮಾತ್ರ ಪಕ್ಕದಲ್ಲೇ ಕೂತು ನನ್ನ ಚಪ್ಪಲಿ ಕಚ್ಚುತ್ತಿದ್ದ. ಡಾಕ್ಟ್ರೇ, ಈಗ ಏನು ಮಾಡಲಿ? ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸಲಾ? ವ್ಯಾಕ್ಸಿನ್ ನಿಲ್ಲಿಸಲಾ?

ಪಶುವೈದ್ಯ_ಧಾರವಾಡ

ಮೊದಲು ಒಂದು ಲೋಟ ಕಾಫಿ ಕುಡೀರಿ ತಂಗೀ. ಡೇವಿಸ್ ಮೇಡಂ ಹಾಕಿದ ಲೆಕ್ಕ ಇನ್ನೊಮ್ಮೆ ಓದ್ರಿ. ನೂರರಲ್ಲಿ 93 ಅಂದಿದ್ದಾರೆ. ಚಿನ್ನಿಯ ಒಡಹುಟ್ಟಿದವನು ಅನ್ನೋ ಕಾರಣಕ್ಕೆ ಅವನ ಪಾಲಿನ ಅಪಾಯ ಅದಕ್ಕಿಂತ ಸ್ವಲ್ಪ ಜಾಸ್ತಿ ಇರಬಹುದು, ಬೇರೆ ಜೀನ್‌ಗಳೂ ಹಂಚಿಕೊಂಡು ಬಂದಿರತಾವೆ. ಆದರೂ ಬರದೇ ಇರೋ ಸಾಧ್ಯತೆಯೇ ದೊಡ್ಡದು.

ಎಂಆರ್‌ಐ ಬೇಡ. ಪ್ರತಿ ಸಲ ಅರಿವಳಿಕೆ ಕೊಡಬೇಕು, ಪಗ್‌ಗಳ ಉಸಿರಾಟಕ್ಕೆ ಅದೇ ಒಂದು ಅಪಾಯ. ವ್ಯಾಕ್ಸಿನ್ ಖಂಡಿತ ನಿಲ್ಲಿಸಬೇಡಿ. ನಮ್ಮ ಊರಲ್ಲಿ ಡಿಸ್ಟೆಂಪರ್, ರೇಬೀಸ್ ಕಾಯುತ್ತಾ ಕೂತಿವೆ. ಮುನ್ನೆಚ್ಚರಿಕೆ ಅಂತ ಸ್ಟೀರಾಯ್ಡ್ ಕೊಡೋದೂ ಬೇಡ. ಆಪರೇಷನ್ ಮಾಡಿಸಿ, ಮರಿ ಬೇಡ. ಸುತ್ತೋದು, ಗೋಡೆಗೆ ಹಣೆ ಒತ್ತೋದು, ನಡೆಯುವಾಗ ವಸ್ತುಗಳಿಗೆ ಡಿಕ್ಕಿ, ಸ್ವಭಾವ ಬದಲಾಗೋದು, ಫಿಟ್ಸ್, ಇವುಗಳಲ್ಲಿ ಒಂದು ಕಂಡರೂ ಅವತ್ತೇ ತೋರಿಸಿ. ಎಂಟು ದಿನ ಕಾಯೋದಕ್ಕೂ ಮೊದಲ ದಿನವೇ ಬರೋದಕ್ಕೂ ವ್ಯತ್ಯಾಸ ಇದೆ. ಬೇಗ ಚಿಕಿತ್ಸೆ ಶುರುವಾದ ಕೆಲವು ನಾಯಿಗಳು ಹೆಚ್ಚು ಕಾಲ ಬದುಕಿವೆ.

ಕೆನೆಲ್_ತುಮಕೂರು

ನನ್ನದೂ ಬಂತು. ದೊಡ್ಡ ಹೆಣ್ಣು ಎನ್/ಎಸ್. ಚಿಕ್ಕ ಹೆಣ್ಣು ಎನ್/ಎನ್. ಗಂಡು ಎನ್/ಎಸ್.

ಅಂದರೆ ಹೋದ ವರ್ಷ ನಾನು ಮಾಡಿದ ಜೋಡಿ ಮಾಡಬಾರದ ಜೋಡಿ. ನಾಲ್ಕು ಮರಿಗಳ ಟೆಸ್ಟ್ ಖರ್ಚೂ ನಾನೇ ಕೊಡುತ್ತೇನೆ ಅಂತ ಆ ಮನೆಗಳಿಗೆ ಹೇಳಿದ್ದೇನೆ. ಮುಂದಿನ ಬೆದೆಗೆ ಚಿಕ್ಕ ಹೆಣ್ಣಿಗೆ ಮಾತ್ರ ನನ್ನ ಗಂಡು. ದೊಡ್ಡವಳಿಗೆ ಹೊರಗಿನ ರಕ್ತದ ಎನ್/ಎನ್ ಗಂಡು ಹುಡುಕುತ್ತಿದ್ದೇನೆ. ಸಿಗದಿದ್ದರೆ ಅವಳು ಆರಾಮಾಗಿ ಮನೆಯಲ್ಲಿರಲಿ.

ಚಿನ್ನಿ ಅಮ್ಮ, ನಿಮಗೆ ಯಾವತ್ತಾದರೂ ಮನಸ್ಸಾದರೆ ಹೇಳಿ. ಮರಿಯ ಜೊತೆ ಎರಡೂ ಕಡೆಯ ರಿಪೋರ್ಟ್ ಕೈಗೆ ಕೊಡುತ್ತೇನೆ. ದುಡ್ಡಿನ ಮಾತು ಬೇಡ.

ಚಿನ್ನಿ_ಅಮ್ಮ (ಮೈಸೂರು)

ಕಣ್ಣು ತುಂಬಿ ಬಂತು ಅಣ್ಣ. ಈಗ ಬೇಡ. ಅವಳ ಹಾಸಿಗೆ ಇನ್ನೂ ಅಲ್ಲೇ ಇದೆ.

ಗುಂಡನ ಅಮ್ಮ, ಹೆದರಬೇಡಿ. ದಿನಾ ಒಂದೇ ಕೆಲಸ ಮಾಡಿ. ಅಗಲ ಬಟ್ಟಲಲ್ಲಿ ಊಟ ಹಾಕಿ, ಅವನು ಎದ್ದ ಮೇಲೆ ಬಟ್ಟಲು ನೋಡಿ.

ಗುಂಡನ_ಮನೆ (ಹಾಸನ)

ಇವತ್ತು ರಾತ್ರಿ ಮೊಸರನ್ನ ಹಾಕಿದೆ. ನಾನು, ನಮ್ಮವರು, ಮಗಳು, ಮೂರೂ ಜನ ನೆಲದ ಮೇಲೆ ಕೂತು ನೋಡಿದೆವು. ಬಲಗಡೆ ಖಾಲಿ, ಎಡಗಡೆ ಖಾಲಿ. ಬಟ್ಟಲನ್ನು ಮೂಗಿನಿಂದ ತಳ್ಳಿಕೊಂಡು ಅಡುಗೆಮನೆ ತನಕ ಹೋಗಿದ್ದಾನೆ, ಇನ್ನೂ ಬೇಕಂತೆ.